ಮಾನ್ಯಖೇಟದ ಗಣಿತ, ಮಳಖೇಡದ ತರಗತಿ: ಕೈಯಾರೆ ಕಲಿಸುವ ಕ್ರಮದ ಒಂದು ಚಾರಿತ್ರಿಕ ಅವಲೋಕನ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ದೀರ್ಘ ಆಳ್ವಿಕೆಯಲ್ಲಿ (ಕ್ರಿ.ಶ. 814–878) ಈ ನಗರವು ಪಡೆದ ಕೀರ್ತಿಯನ್ನು ಕುರಿತು ನಮ್ಮ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಕವಿರಾಜಮಾರ್ಗ, ಜಿನಸೇನರ ಕೃತಿಗಳು, ಶಾಕಟಾಯನನ ವ್ಯಾಕರಣ, ಅಮೋಘವರ್ಷನದೇ ಎನ್ನಲಾಗುವ ಪ್ರಶ್ನೋತ್ತರರತ್ನಮಾಲಿಕೆ ಇವೆಲ್ಲ ಸಾಹಿತ್ಯ ಚರಿತ್ರೆಯಲ್ಲಿ ತಮ್ಮ ತಮ್ಮ ಸ್ಥಾನವನ್ನು ಪಡೆದಿವೆ. ಇದೇ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ಕ್ಕೆ ಗಣಿತದ ಇತಿಹಾಸಕಾರರಿಂದ ದೊರೆತ ಮನ್ನಣೆಯೂ ಕಡಿಮೆಯದಲ್ಲ. ಆದರೆ ಆ ಗ್ರಂಥವನ್ನು ಕಲಿಸುವವನ ಕಣ್ಣಿನಿಂದ ನೋಡಿದವರು ವಿರಳ. ಅದನ್ನು ಒಂದು ಬೋಧನಾ ಗ್ರಂಥವಾಗಿ ಓದಿದರೆ, ಇಂದು ಮಳಖೇಡ ಪರಿಸರದ ಪ್ರಾಥಮಿಕ ಶಾಲೆಗಳಿಗೆ ಬೋಧನಾಭ್ಯಾಸಕ್ಕೆಂದು ಬರುವ ಪ್ರಶಿಕ್ಷಣಾರ್ಥಿಗೆ ಅದರಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಎಚ್ಚರಿಕೆಯ ಮಾತು. ಮಹಾವೀರನು ಗ್ರಂಥದ ಆದಿಯಲ್ಲಿ ನೃಪತುಂಗನ ಆಳ್ವಿಕೆಯನ್ನು ಹೊಗಳುತ್ತಾನೆ. ಇದರ ಆಧಾರದಿಂದ ಕೃತಿಯ ಕಾಲವನ್ನು ಸುಮಾರು ಕ್ರಿ.ಶ. 850 ಎಂದು ನಿರ್ಣಯಿಸಲಾಗಿದೆ. ಅವನು ಮಾನ್ಯಖೇಟದಲ್ಲಿಯೇ ಕುಳಿತು ಬರೆದನೆಂದು ಆ ಹೊಗಳಿಕೆಯಿಂದ ಸಿದ್ಧವಾಗುವುದಿಲ್ಲ. ಹಾಗೆಂದು ಸಾರುವ ಸ್ಥಳೀಯ ಅಭಿಮಾನವನ್ನು ಅರ್ಥಮಾಡಿಕೊಳ್ಳಬಹುದಾದರೂ ಇತಿಹಾಸದ ವಿದ್ಯಾರ್ಥಿಯು ಅದನ್ನು ಒಪ್ಪಬೇಕಾಗಿಲ್ಲ. ಗ್ರಂಥವು ಈ ರಾಜ್ಯದ, ಈ ಆಸ್ಥಾನದ ಆಶ್ರಯದ ಕಾಲದ್ದು ಎಂಬಷ್ಟು ನಮಗೆ ಸಾಕು.

ಗಣಿತಸಾರಸಂಗ್ರಹವನ್ನು ಮದರಾಸಿನ ಎಂ. ರಂಗಾಚಾರ್ಯರು ಸಂಪಾದಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟಿಸಿದರು. ಅದು ಅಲ್ಲಿಯವರೆಗೆ ಉಳಿದುಬಂದದ್ದರಲ್ಲಿ ಕನ್ನಡ ಲಿಪಿಯ ತಾಳೆಗರಿಗಳ ಪಾತ್ರ ದೊಡ್ಡದು. ಉದಾಹರಣೆಯ ಲೆಕ್ಕಗಳಿಗೆ ಕನ್ನಡದಲ್ಲಿ ಅಂಕಿ ಮತ್ತು ಉತ್ತರಗಳನ್ನು ಬರೆದಿಟ್ಟ ಪ್ರತಿಯೂ ಅವುಗಳಲ್ಲಿತ್ತು. ಸಂಸ್ಕೃತದ ಮೂಲಕ್ಕೆ ಕನ್ನಡದಲ್ಲಿ ಉತ್ತರ ಬರೆದುಕೊಂಡವನು ಬಹುಶಃ ಅದನ್ನು ಯಾರಿಗೋ ಕಲಿಸುತ್ತಿದ್ದವನು ಅಥವಾ ಯಾರಿಂದಲೋ ಕಲಿಯುತ್ತಿದ್ದವನು. ಈ ಸಣ್ಣ ಸಂಗತಿಯು ದೊಡ್ಡ ಪ್ರಶಸ್ತಿಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದೇ ಗ್ರಂಥವನ್ನು ತೆಲುಗಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಸ್ವತಂತ್ರ ಕೃತಿಗಳನ್ನು ರಚಿಸಿದನು. ಗಣಿತಸಾರಸಂಗ್ರಹಕ್ಕೆ ಪದ್ಮಾವತಮ್ಮನವರ ಕನ್ನಡ ಅನುವಾದ ಅಚ್ಚಾದದ್ದು 2000ದಲ್ಲಿ. ಸೇಡಂ ತಾಲ್ಲೂಕಿನ ಗಡಿಯಾಚೆ ತೆಲುಗಿನಲ್ಲಿ ಒಂಬೈನೂರು ವರ್ಷಗಳ ಹಿಂದೆಯೇ ನಡೆದ ಕೆಲಸ ಅದು.

ಗ್ರಂಥದಲ್ಲಿ ಒಂಬತ್ತು ಅಧಿಕಾರಗಳಿವೆ. ಮೊದಲನೆಯದು ಸಂಜ್ಞೆ, ಕೊನೆಯದು ಛಾಯೆ. ನಡುವೆ ಪರಿಕರ್ಮ, ಭಿನ್ನರಾಶಿ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ ಮುಂತಾದವು ಬರುತ್ತವೆ. ಸಂಜ್ಞಾಧಿಕಾರದಲ್ಲಿ ಮಹಾವೀರನು ಗಣಿತವು ಎಲ್ಲೆಲ್ಲಿ ಬೇಕಾಗುತ್ತದೆಂದು ಪಟ್ಟಿ ಮಾಡುವಾಗ ಸಂಗೀತ, ನಾಟ್ಯ, ವೈದ್ಯ, ವಾಸ್ತು, ಛಂದಸ್ಸುಗಳ ಜೊತೆಗೆ ಅಡುಗೆಯನ್ನೂ ಸೇರಿಸುತ್ತಾನೆ. ಅನಂತರ ನೆಲ, ಕಾಲ, ಧಾನ್ಯ, ಚಿನ್ನ, ಬೆಳ್ಳಿ, ಲೋಹಗಳ ಅಳತೆಗಳನ್ನು ಕೊಡುತ್ತಾನೆ. ಆರು ಅಂಗುಲಕ್ಕೆ ಒಂದು ಪಾದ, ಎರಡು ಪಾದಕ್ಕೆ ಒಂದು ವಿತಸ್ತಿ, ಎರಡು ವಿತಸ್ತಿಗೆ ಒಂದು ಹಸ್ತ. ಎಂದರೆ ನಮ್ಮ ಹಳ್ಳಿಯ ಬೆರಳು, ಗೇಣು, ಮೊಳಗಳೇ ಇವು. ಇಪ್ಪತ್ತನಾಲ್ಕು ಬೆರಳಿಗೆ ಒಂದು ಮೊಳ. ಲೆಕ್ಕ ಮಾಡುವವನ ಮೈಯೇ ಇಲ್ಲಿ ಅಳತೆಗೋಲು. ಪ್ರತಿ ವಿಷಯದಲ್ಲಿಯೂ ಮೊದಲು ಕರಣಸೂತ್ರ, ಅದರ ಹಿಂದೆಯೇ ಉದ್ದೇಶಕ, ಅಂದರೆ ಎದುರಿಗಿರುವವನನ್ನು ಕರೆದು ಕೇಳುವ ಲೆಕ್ಕ. ಹಣ್ಣು, ಜೇನುನೊಣ, ಆನೆಯ ಹಿಂಡು, ಹರಿದ ಮುತ್ತಿನ ಸರ ಇವು ಆ ಲೆಕ್ಕಗಳ ಸಾಮಗ್ರಿ. ಒಂಬತ್ತು ಮಾದಲ ಹಣ್ಣಿಗೂ ಏಳು ಬೇಲದ ಹಣ್ಣಿಗೂ ಕೂಡಿ 107, ಏಳು ಮಾದಲಕ್ಕೂ ಒಂಬತ್ತು ಬೇಲಕ್ಕೂ ಕೂಡಿ 101 ಬೆಲೆಯಾದರೆ ಒಂದೊಂದರ ಬೆಲೆ ಎಷ್ಟೆಂಬುದು ಅಂಥದೊಂದು. ಮಾದಲಕ್ಕೆ 8, ಬೇಲಕ್ಕೆ 5 ಎಂಬ ಉತ್ತರವನ್ನು ಸಮೀಕರಣವಿಲ್ಲದೆ, ಎರಡು ರಾಶಿಗಳನ್ನು ಮುಂದಿಟ್ಟುಕೊಂಡು ಹಣ್ಣನ್ನು ಅದಲುಬದಲು ಮಾಡುತ್ತಲೇ ಕಂಡುಕೊಳ್ಳಬಹುದು.

ಇಂಥ ಲೆಕ್ಕಗಳಲ್ಲಿ ತರಗತಿಗೆ ಅತ್ಯಂತ ಹತ್ತಿರವಾದದ್ದು ಪ್ರಕೀರ್ಣಕಾಧಿಕಾರದ ಕಂಬದ ಲೆಕ್ಕವೆಂಬುದು ಈ ಲೇಖಕನ ಅಭಿಪ್ರಾಯ. ಒಂದು ಕಂಬದ ಎಂಟನೆಯ ಒಂದು ಭಾಗ ನೆಲದಲ್ಲಿ ಹೂತಿದೆ, ಮೂರನೆಯ ಒಂದು ಭಾಗ ನೀರಿನಲ್ಲಿದೆ, ಕಾಲು ಭಾಗ ಪಾಚಿಯಲ್ಲಿದೆ, ಮೇಲೆ ಕಾಣುತ್ತಿರುವುದು ಏಳು ಹಸ್ತ. ಕಂಬದ ಉದ್ದವೆಷ್ಟು? ಉತ್ತರ 24 ಹಸ್ತ. ಭಿನ್ನರಾಶಿಗಳನ್ನು ಸಮಚ್ಛೇದಕ್ಕೆ ತಂದು ಕೂಡುವ ಕ್ರಮವನ್ನು ಐದನೆಯ ತರಗತಿಯ ಮಗುವಿಗೆ ಹಲಗೆಯ ಮೇಲೆ ವಿವರಿಸುವಾಗ ಎದುರಾಗುವ ತೊಡಕು ಕಲಿಸಿದವರಿಗೆಲ್ಲ ಗೊತ್ತು. ಈಗ ಮಗುವಿನ ಕೈಗೆ ಒಂದು ಜೋಳದ ದಂಟನ್ನು ಕೊಡಬೇಕು. ಅದನ್ನು ಮಗು ತನ್ನದೇ ಒಂದು ಮೊಳದ ಉದ್ದಕ್ಕೆ ಮುರಿದು, ಬೆರಳಿನಿಂದ ಬೆರಳಿಗೆ ಸುಣ್ಣದ ಗುರುತು ಹಾಕಬೇಕು. ಗುರುತುಗಳು ಇಪ್ಪತ್ತನಾಲ್ಕಾಗುತ್ತವೆ. ಕೆಲವರಿಗೆ ಇಪ್ಪತ್ತೆರಡು, ಕೆಲವರಿಗೆ ಇಪ್ಪತ್ತೈದೂ ಆಗುತ್ತವೆ. ಅಳತೆಯ ಮಾನವು ಎಲ್ಲರಿಗೂ ಒಂದೇ ಆಗಿರಬೇಕೆಂಬ ಅಗತ್ಯವು ಆ ಜಗಳದಿಂದಲೇ ಮಕ್ಕಳಿಗೆ ತಿಳಿಯುತ್ತದೆ. ಅನಂತರ ಮಣ್ಣು ತುಂಬಿದ ಕುಂಡದಲ್ಲಿ ಮೂರು ಗುರುತು ಹೂಳಬೇಕು, ಎಂಟು ಗುರುತಿನವರೆಗೆ ನೀರಿನ ಬಣ್ಣ ಬಳಿಯಬೇಕು, ಆರು ಗುರುತಿಗೆ ಹಸಿರು ನೂಲು ಸುತ್ತಬೇಕು. ಉಳಿದದ್ದನ್ನು ಎಣಿಸಿದರೆ ಏಳು. ಎಂಟನೆಯ ಒಂದು, ಮೂರನೆಯ ಒಂದು, ನಾಲ್ಕನೆಯ ಒಂದು ಇವು ಮೂರೂ ಒಂದೇ ದಂಟಿನ ಮೇಲೆ ಮೂರು, ಎಂಟು, ಆರು ಬೆರಳುಗಳಾಗಿ ನಿಂತದ್ದನ್ನು ಕಂಡ ಮಗುವಿಗೆ ಛೇದವನ್ನು ಏಕೆ 24 ಮಾಡಬೇಕೆಂದು ಬೇರೆಯಾಗಿ ಹೇಳಬೇಕಾಗುವುದಿಲ್ಲ. ಲೆಕ್ಕದ ಉತ್ತರವೂ 24, ಮೊಳದ ಬೆರಳುಗಳೂ 24 ಆಗಿರುವುದು ಆಚಾರ್ಯನ ಉದ್ದೇಶವೋ ಕಾಕತಾಳೀಯವೋ ಹೇಳಲಾಗದು. ಕಲಿಸುವವರಿಗಂತೂ ಅದು ಅನುಕೂಲ.

ಛಾಯಾಧಿಕಾರವು ಇದಕ್ಕಿಂತಲೂ ಸುಲಭವಾಗಿ ಶಾಲೆಯ ಅಂಗಳಕ್ಕೆ ಇಳಿಯುತ್ತದೆ. ಸಮನೆಲದ ಮೇಲೆ ವೃತ್ತವನ್ನು ಬರೆದು ನಡುವೆ ಶಂಕುವನ್ನು ನೆಟ್ಟು, ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವ ಬಿಂದುವನ್ನೂ ಸಂಜೆ ಹೊರಗೆ ಹೋಗುವ ಬಿಂದುವನ್ನೂ ಗುರುತಿಸಿ ದಿಕ್ಕು ತಿಳಿಯುವ ವಿಧಾನ ಅಲ್ಲಿದೆ. ಗೇಣುದ್ದದ ಕಡ್ಡಿ ಮತ್ತು ಒಂದು ಫರಸಿ ಕಲ್ಲು ಇದಕ್ಕೆ ಸಾಕು. ಸೇಡಂ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಕಡ್ಡಿಗೂ ಅದರ ನೆರಳಿಗೂ ಇರುವ ಪ್ರಮಾಣವನ್ನು ಹಿಡಿದು ಮಳಖೇಡದ ಕೋಟೆಯ ಬುರುಜಿನ ಎತ್ತರವನ್ನು ಅದರ ನೆರಳಿನಿಂದ ಲೆಕ್ಕಹಾಕುವುದು ಆರೇಳನೆಯ ತರಗತಿಗೆ ತಕ್ಕ ಕೆಲಸ. ತಮ್ಮೂರಿನ ಕೋಟೆಯನ್ನು ಪ್ರವಾಸಿಗರು ನೋಡುವಂತೆ ನೋಡದೆ, ಅಳೆಯಲು ಹೋಗುವುದರಲ್ಲಿ ಇತಿಹಾಸದ ಪಾಠವೂ ಅಡಗಿದೆ.

ಕ್ಷೇತ್ರಗಣಿತದಲ್ಲಿ ಮಹಾವೀರನು ವ್ಯಾವಹಾರಿಕ ಫಲ, ಸೂಕ್ಷ್ಮ ಫಲ ಎಂಬ ಎರಡು ಬಗೆಯನ್ನು ಹೇಳುತ್ತಾನೆ. ವೃತ್ತದ ಪರಿಧಿಯು ವ್ಯವಹಾರಕ್ಕೆ ವ್ಯಾಸದ ಮೂರರಷ್ಟು. ಸೂಕ್ಷ್ಮವಾಗಿ ಹತ್ತರ ವರ್ಗಮೂಲದಷ್ಟು, ಅಂದರೆ ಸುಮಾರು 3.16. ಬಳೆ, ತಟ್ಟೆ, ಕೊಡದ ಬಾಯಿಗಳಿಗೆ ನೂಲು ಸುತ್ತಿ, ಆ ನೂಲನ್ನು ವ್ಯಾಸದ ಮೇಲೆ ಮಡಿಸಿ ನೋಡಿದ ಮಕ್ಕಳಿಗೆ ‘ಮೂರು ಮತ್ತು ಸ್ವಲ್ಪ’ ಎಂಬ ಉತ್ತರ ಬರುತ್ತದೆ. ಆ ‘ಸ್ವಲ್ಪ’ ಎಷ್ಟೆಂಬ ಪ್ರಶ್ನೆಯಿಂದ ಗಣಿತ ಆರಂಭವಾಗುತ್ತದೆ. ಕೆಲಸಕ್ಕೆ ಸಾಕಾಗುವ ಅಂದಾಜು ಮತ್ತು ಶಾಸ್ತ್ರಕ್ಕೆ ಬೇಕಾಗುವ ನಿಖರತೆ ಇವೆರಡನ್ನೂ ಬೇರ್ಪಡಿಸಿ, ಎರಡಕ್ಕೂ ಅದರದರ ಮರ್ಯಾದೆಯನ್ನು ಕೊಟ್ಟಿರುವುದು ಗಮನಾರ್ಹ. ನಮ್ಮ ಪರೀಕ್ಷಾ ಪದ್ಧತಿಯು ಮೊದಲನೆಯದನ್ನು ತಪ್ಪೆಂದೇ ಎಣಿಸುತ್ತದೆ.

ಇಷ್ಟನ್ನು ಹೇಳಿದ ಮೇಲೆ, ಕೈಯಿಂದ ಕಲಿಯುವ ಕ್ರಮ ಎಲ್ಲಿ ಸೋಲುತ್ತದೆಂಬುದಕ್ಕೂ ಇದೇ ಗ್ರಂಥದಲ್ಲಿ ಸಾಕ್ಷಿ ಇದೆಯೆಂಬುದನ್ನು ಮರೆಮಾಚಬಾರದು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಮಹಾವೀರನು ಹೇಳಿದ್ದಾನೆ. ಇದು ತಪ್ಪು. ಕ್ರಿ.ಶ. 628ರಲ್ಲಿಯೇ ಬ್ರಹ್ಮಗುಪ್ತನು ಸೊನ್ನೆಯ ಛೇದವನ್ನು ಬೇರೆಯೇ ಬಗೆಯಾಗಿ ಇರಿಸಿದ್ದನು, 1150ರ ಭಾಸ್ಕರಾಚಾರ್ಯನು ಅದನ್ನು ಅನಂತವೆಂದನು. ಮಹಾವೀರನಂಥ ಗಣಿತಜ್ಞನು ಇಲ್ಲಿ ಏಕೆ ಎಡವಿದನೆಂಬುದಕ್ಕೆ ಗ್ರಂಥದಲ್ಲಿ ವಿವರಣೆಯಿಲ್ಲ. ಆದರೆ ತೊಗರಿ ಕಾಳುಗಳನ್ನು ಮುಂದಿಟ್ಟುಕೊಂಡ ಯಾವ ಮಗುವನ್ನು ಕೇಳಿದರೂ ಉತ್ತರ ಅದೇ: ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ರಾಶಿ ಹಾಗೆಯೇ ಉಳಿಯುತ್ತದೆ. ಭಾಗಾಕಾರವೆಂದರೆ ಹಂಚುವುದು ಎಂದಷ್ಟೇ ಕಲಿತ ಬುದ್ಧಿಗೆ ಇದು ಸಹಜವಾದ ತಪ್ಪು. ಆರರೊಳಗೆ ಎರಡು ಎಷ್ಟು ಸಲ ಇದೆ ಎಂಬ ಇನ್ನೊಂದು ಅರ್ಥದಿಂದ ನೋಡಿದರೆ ಮಾತ್ರ ತೊಡಕು ಕಾಣುತ್ತದೆ, ಏಕೆಂದರೆ ರಾಶಿಯಿಂದ ಸೊನ್ನೆಯನ್ನು ಎಷ್ಟು ಸಲ ತೆಗೆದರೂ ರಾಶಿ ಮುಗಿಯುವುದಿಲ್ಲ. ಕಾಳನ್ನು ಎಲ್ಲಿ ಕೆಳಗಿಡಬೇಕು ಎಂಬುದು ಕಾಳನ್ನು ಕೈಗೆ ಕೊಟ್ಟವರಿಗೆ ತಿಳಿದಿರಬೇಕು. ಚಟುವಟಿಕೆಯೇ ಪಾಠವೆಂದು ಭಾವಿಸುವ ಇಂದಿನ ಉತ್ಸಾಹಕ್ಕೆ ಈ ಉದಾಹರಣೆ ಒಳ್ಳೆಯ ಕಡಿವಾಣ.

ಮತ್ತೊಂದು ಮಿತಿ ಸಾಮಾಜಿಕವಾದದ್ದು. ಗಣಿತಸಾರಸಂಗ್ರಹದ ಓದುಗ ಸಂಸ್ಕೃತ ಬಲ್ಲವನು. ಚಿಕ್ಕ ಮಕ್ಕಳಿಗಾಗಿ ಬರೆದ ಪುಸ್ತಕ ಅದಲ್ಲ. ಈ ಪರಿಸರದ ಶಿಕ್ಷಣ ಸಂಸ್ಥೆಗಳ ಶಾಸನೋಲ್ಲೇಖಗಳೂ ಉನ್ನತ ವಿದ್ಯೆಯನ್ನೇ ಕುರಿತವು. ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಘಟಿಕಾಸ್ಥಾನದ ಕ್ರಿ.ಶ. 1058ರ ಶಾಸನದಲ್ಲಿ ವೇದವಿದ್ಯಾರ್ಥಿಗಳು ಇನ್ನೂರು ಮಂದಿ, ಗ್ರಂಥಗಳನ್ನು ನೋಡಿಕೊಳ್ಳುವ ಸರಸ್ವತೀ ಭಂಡಾರಿಗರು ಆರು ಮಂದಿ. ಒಂದು ವಿದ್ಯಾಲಯಕ್ಕೆ ಆರು ಮಂದಿ ಗ್ರಂಥಪಾಲಕರಿದ್ದ ಊರು ಅದು. ಆದರೆ ಅಲ್ಲಿ ಒಕ್ಕಲಿಗನ ಮಗನೋ ಕಲ್ಲುಕುಟಿಗನ ಮಗಳೋ ಎಣಿಕೆ ಕಲಿತದ್ದಕ್ಕೆ ಆಧಾರವಿಲ್ಲ. ಬಾಲಶಿಕ್ಷೆಗೂ ಅಕ್ಕರಿಗರಿಗೂ ಭೂಮಿ ಬಿಟ್ಟ ಉಲ್ಲೇಖಗಳು ಕರ್ನಾಟಕದ ಶಾಸನಗಳಲ್ಲಿ ಅಲ್ಲಲ್ಲಿ ಬರುತ್ತವಾದರೂ ಅವು ಒಂದೆರಡು ಸಾಲಿನವು. ಜನಸಾಮಾನ್ಯರ ಮಕ್ಕಳಿಗೆ ದೊರೆತದ್ದು ಬಹುಕಾಲದ ಅನಂತರದ ಐಗಳ ಮಠ: ನೆಲದಲ್ಲಿ ಹರಡಿದ ಮರಳು, ಅದರ ಮೇಲೆ ತಿದ್ದುವ ಬೆರಳು, ಸಂಜೆ ಸಾಮೂಹಿಕವಾಗಿ ಒಪ್ಪಿಸುವ ಮಗ್ಗಿ. ಮರಳಿನ ಮೇಲೆ ತಿದ್ದುವುದನ್ನು ಹಿಂದುಳಿದ ಪದ್ಧತಿಯೆಂದು ನಗುವವರು ಪಾಟೀಗಣಿತ, ಧೂಳೀಕರ್ಮ ಎಂಬ ಹಳೆಯ ಹೆಸರುಗಳನ್ನು ನೆನೆಯಬೇಕು. ಭಾರತದ ಅಂಕಗಣಿತವು ಧೂಳು ಹರಡಿದ ಹಲಗೆಯ ಮೇಲೆಯೇ ಬೆಳೆದದ್ದು.

ನಿಜಾಮರ ಆಳ್ವಿಕೆಯ ಕಾಲದಲ್ಲಿ ಈ ಎಳೆಯೂ ಸಡಿಲವಾಯಿತು. ಉರ್ದು ಆಡಳಿತದ ಮತ್ತು ಬಹುಪಾಲು ಶಿಕ್ಷಣದ ಭಾಷೆಯಾಯಿತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದು ಮಾಧ್ಯಮದಲ್ಲಿ ಆಧುನಿಕ ವಿಜ್ಞಾನವನ್ನು ಕಲಿಸಿದ್ದು ದೇಶಭಾಷೆಯ ದೃಷ್ಟಿಯಿಂದ ದಿಟ್ಟ ಹೆಜ್ಜೆಯೇ ಸರಿ. ಆದರೆ ಕನ್ನಡ, ತೆಲುಗು, ಮರಾಠಿ ಮನೆಮಾತಿನ ಮಕ್ಕಳಿಗೆ ಅದು ಇನ್ನೊಂದು ಪರಭಾಷೆ. 1907ರಲ್ಲಿ ಗುಲಬರ್ಗಾದಲ್ಲಿ ಸ್ಥಾಪಿತವಾದ ನೂತನ ವಿದ್ಯಾಲಯದಂಥ ಸಂಸ್ಥೆಗಳು ಈ ಕೊರತೆಯನ್ನು ತಮ್ಮ ಶಕ್ತಿ ಮೀರಿ ತುಂಬಿದವು. 1948ರ ಸೆಪ್ಟೆಂಬರ್ 17ರ ವಿಮೋಚನೆ, 1956ರ ನವೆಂಬರ್ 1ರ ಏಕೀಕರಣ ಇವುಗಳ ಅನಂತರವೇ ಹಳ್ಳಿ ಹಳ್ಳಿಗೆ ಕನ್ನಡ ಶಾಲೆ ಬಂದದ್ದು. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಅತ್ಯಂತ ಹಿಂದುಳಿದ ತಾಲ್ಲೂಕುಗಳ ದೊಡ್ಡ ಪಾಲನ್ನು ಗುಲಬರ್ಗಾ ವಿಭಾಗದಲ್ಲಿಯೇ ಗುರುತಿಸಿತು. ಹಿಂದೆ ಬಿದ್ದವರು ಮಕ್ಕಳಲ್ಲ, ಅವರಿಗೆ ಶಾಲೆ ತಡವಾಗಿ ಬಂತು ಎಂಬುದನ್ನು ಅಂಕಿ ಅಂಶಗಳನ್ನು ಓದುವಾಗ ಮರೆಯಬಾರದು.

ಚಟುವಟಿಕೆಯ ಮೂಲಕ ಕಲಿಸುವ ಆಧುನಿಕ ಚಿಂತನೆ ನಮಗೆ ಬಂದ ದಾರಿ ಬೇರೆ. ಫ್ರೋಬೆಲ್, ಮಾಂಟೆಸ್ಸರಿಯವರ ಪ್ರಭಾವ ಒಂದೆಡೆ, 1937ರ ವಾರ್ಧಾ ಸಮ್ಮೇಳನದಿಂದ ರೂಪುಗೊಂಡ ಗಾಂಧೀಜಿಯವರ ಮೂಲಶಿಕ್ಷಣ ಇನ್ನೊಂದೆಡೆ. ಆ ಯೋಜನೆಯನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರಾಗಿದ್ದ ಜಾಕಿರ್ ಹುಸೇನರು ಹುಟ್ಟಿದ್ದು ಹೈದರಾಬಾದಿನಲ್ಲಿ. ಕರ್ನಾಟಕದಲ್ಲಿ ಈ ದಿಕ್ಕಿನ ದೊಡ್ಡ ಪ್ರಯೋಗವೆಂದರೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದ ಶಿಕ್ಷಕರೇ ಅದನ್ನು ಕಟ್ಟಿದರೆಂಬುದು ಅದರ ಹೆಗ್ಗಳಿಕೆ. 2009–10ರಲ್ಲಿ ಅದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಲಾಯಿತು. ಅನಂತರದ ವರ್ಷಗಳಲ್ಲಿ ಅಕ್ಷರ ಫೌಂಡೇಷನ್ ಸರ್ಕಾರದೊಡನೆ ನಡೆಸಿದ ಗಣಿತ ಕಲಿಕಾ ಆಂದೋಲನದ ಮೂಲಕ ಮಣಿಕಟ್ಟು, ಭಿನ್ನರಾಶಿಯ ಪಟ್ಟಿಗಳಿರುವ ಪೆಟ್ಟಿಗೆಗಳು ಈ ಭಾಗದ ಶಾಲೆಗಳನ್ನೂ ತಲುಪಿದವು. ಮಣಿ, ಪಟ್ಟಿಗಳನ್ನು ಯಾರೂ ತೆಗಳಬೇಕಾಗಿಲ್ಲ. ಪೆಟ್ಟಿಗೆ ಬಂದ ಶಾಲೆಯಲ್ಲಿ ಅದನ್ನು ತೆರೆಯುವ ಕೈ ಇರಬೇಕು, ಅಷ್ಟೆ.

ಆ ಕೈ ತಯಾರಾಗುವುದು ಶಿಕ್ಷಕರ ತರಬೇತಿಯಲ್ಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಅನಂತರ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಬಂದವು. ಟಿ.ಸಿ.ಎಚ್. ಎಂಬ ಹೆಸರು ಡಿ.ಇಡಿ. ಆಗಿ, ಈಗ ಡಿ.ಎಲ್.ಇಡಿ. ಆಗಿದೆ. ಬದಲಾಗದೆ ಉಳಿದದ್ದು ಬೋಧನಾಭ್ಯಾಸದ ಆ ಕೆಲವು ವಾರಗಳು. ಪ್ರಶಿಕ್ಷಣಾರ್ಥಿಯು ಪಾಠಯೋಜನೆ ಬರೆಯುತ್ತಾಳೆ, ಥರ್ಮೋಕೋಲಿನ ಮೇಲೆ ಬಣ್ಣದ ಕಾಗದ ಅಂಟಿಸಿದ ಕಲಿಕೋಪಕರಣವನ್ನು ತರುತ್ತಾಳೆ, ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕುಳಿತು ಅಂಕ ಹಾಕುತ್ತಾರೆ. ಮಾದರಿ ಕೆಡಬಾರದೆಂದು ಮಕ್ಕಳಿಗೆ ಅದನ್ನು ದೂರದಿಂದಲೇ ತೋರಿಸಲಾಗುತ್ತದೆ. ಕೈಯಿಂದ ಕಲಿಯಲೆಂದು ಮಾಡಿದ ವಸ್ತುವನ್ನು ಮಕ್ಕಳ ಕೈ ಮುಟ್ಟುವುದೇ ಇಲ್ಲ. ಈ ಲೇಖಕನೂ ತನ್ನ ಅಭ್ಯಾಸದ ದಿನಗಳಲ್ಲಿ ಹಾಗೆಯೇ ಒಂದು ಗಡಿಯಾರವನ್ನು ಮಾಡಿ, ಅಂಕ ಪಡೆದು, ಅಲಮಾರಿಯ ಮೇಲಿಟ್ಟು ಬಂದವನು. ಜೋಳದ ದಂಟಿನ ದೊಡ್ಡ ಗುಣವೆಂದರೆ ಅದು ಮುರಿದರೆ ಇನ್ನೊಂದು ಸಿಗುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ತರಗತಿಯಲ್ಲಿ ಕುಳಿತ ಮಕ್ಕಳು ಬರಿಗೈಯಲ್ಲಿ ಬಂದವರಲ್ಲ. ಶಹಾಬಾದ ಕಲ್ಲಿನ ಗಣಿಗಳಲ್ಲಿ ದುಡಿಯುವ ತಂದೆ ಫರಸಿಯ ಚದರ ಅಡಿಯನ್ನು ಕಣ್ಣಂದಾಜಿನಲ್ಲಿ ಹೇಳಬಲ್ಲ. ತೊಗರಿ ರಾಶಿ ಮಾಡುವ ತಾಯಿ ರಾಶಿಯನ್ನು ನೋಡಿಯೇ ಚೀಲ ಎಷ್ಟಾದೀತೆಂದು ಹೇಳಬಲ್ಲಳು. ನೃಪತುಂಗನ ಕಾಲದ ಕವಿರಾಜಮಾರ್ಗವು ಈ ನಾಡವರ ಅನಕ್ಷರ ಜಾಣ್ಮೆಯನ್ನು ಮೆಚ್ಚಿದ್ದು ಪ್ರಸಿದ್ಧವೇ ಇದೆ. ಭಾಷೆಯ ವಿಷಯದಲ್ಲಿ ಹೇಳಿದ ಆ ಮಾತು ಲೆಕ್ಕಕ್ಕೂ ಸಲ್ಲುತ್ತದೆ. ಸುಗ್ಗಿಯ ಅನಂತರ ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವ ಕುಟುಂಬದ ಮಗು ಕೂಲಿ, ರೈಲಿನ ಚೀಟಿ, ಚಿಲ್ಲರೆಗಳ ಲೆಕ್ಕವನ್ನು ಬಲ್ಲುದು. ಮರಳಿ ಶಾಲೆಗೆ ಬಂದಾಗ ನೋಟುಪುಸ್ತಕದ ಭಿನ್ನರಾಶಿಯ ಮುಂದೆ ಅದೇ ಮಗು ದಡ್ಡನೆನಿಸಿಕೊಳ್ಳುತ್ತದೆ.

ಇದರಲ್ಲಿ ಭಾಷೆಯ ಪಾತ್ರವನ್ನು ಯಾರೂ ಸರಿಯಾಗಿ ಗಮನಿಸಿದಂತಿಲ್ಲ. ಈ ಸೀಮೆಯ ಸಂತೆಯಲ್ಲಿ ಒಂದೂವರೆಗೆ ದೀಡ, ಎರಡೂವರೆಗೆ ಅಡೀಚ, ಒಂದೂಕಾಲಿಗೆ ಸವ್ವಾ, ಮುಕ್ಕಾಲಿಗೆ ಪೌಣ. ಮರಾಠಿ, ಉರ್ದುಗಳ ನಂಟಿನಿಂದ ಬಂದು ಇಲ್ಲಿಯ ಕನ್ನಡವೇ ಆಗಿಬಿಟ್ಟಿರುವ ಮಾತುಗಳಿವು. ‘ದೀಡ ಸೇರ’ ಎಂದರೆ ತಟ್ಟನೆ ಅಳೆದುಕೊಡುವ ಮಗುವಿಗೆ ಪಠ್ಯಪುಸ್ತಕದ ‘ಮಿಶ್ರ ಭಿನ್ನರಾಶಿ’ ಬೇರೆಯೇ ಲೋಕದ್ದು. ದಕ್ಷಿಣದ ಜಿಲ್ಲೆಯಿಂದ ಬಂದ ಶಿಕ್ಷಕಿಗೆ ದೀಡವೂ ಅಷ್ಟೇ ಅಪರಿಚಿತ. ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ, ಗಡಿಯ ಹಳ್ಳಿಗಳಲ್ಲಿ ತೆಲುಗು ಮನೆಮಾತಾಗಿರುವುದರಿಂದ ಸಂಗತಿ ಇನ್ನೂ ತೊಡಕಿನದು. ಆದ್ದರಿಂದ ಇಲ್ಲಿಗೆ ಬರುವ ಪ್ರಶಿಕ್ಷಣಾರ್ಥಿಯ ಮೊದಲ ವಾರದ ಕೆಲಸ ಪಾಠ ಮಾಡುವುದಾಗಿರಬಾರದು. ಮಕ್ಕಳನ್ನೇ ಮನೆಗೆ, ಸಂತೆಗೆ, ಗಣಿಗೆ ಕಳಿಸಿ, ಅಲ್ಲಿ ಬಳಕೆಯಲ್ಲಿರುವ ಅಳತೆಯ ಮಾತುಗಳನ್ನೂ ಸಾಧ್ಯವಾದರೆ ಹಳೆಯ ಅಳತೆಯ ಪಾತ್ರೆಗಳನ್ನೂ ತರಿಸಬೇಕು. ಸೇರು, ಅಚ್ಛೇರು, ಪಾವುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಒಂದರಿಂದ ಇನ್ನೊಂದಕ್ಕೆ ತೊಗರಿ ಸುರಿದು ನೋಡಿದರೆ ಕಾಲು, ಅರೆ, ಮುಕ್ಕಾಲುಗಳ ಪಾಠ ಆಗಿಯೇ ಹೋಗುತ್ತದೆ. ಮಹಾವೀರನು ಸಂಜ್ಞಾಧಿಕಾರದಲ್ಲಿ ಮಾಡಿದ್ದೂ ಇದನ್ನೇ, ಸೂತ್ರಗಳಿಗೆ ಮೊದಲು ತನ್ನ ಕಾಲದ ನೆಲ, ಧಾನ್ಯ, ಲೋಹಗಳ ಅಳತೆಗಳನ್ನು ಹೆಸರಿಸಿ ಇಟ್ಟದ್ದು.

ಹೀಗೆ ಸಂಗ್ರಹಿಸಿದ ಮಾತುಗಳು ತರಗತಿಯ ಗೋಡೆಯ ಮೇಲೆ ಮಾತ್ರ ಉಳಿಯದೆ, ಊರಿನ ಹೆಸರು, ಹೇಳಿದವರ ಕಸುಬು, ಅಳತೆಯ ಪ್ರಮಾಣಗಳ ಸಹಿತ ದಾಖಲಾಗಬೇಕು. ಪಾವು, ಸೇರುಗಳ ಹಿತ್ತಾಳೆಯ ಪಾತ್ರೆಗಳು ಹಳೆಯ ಸಾಮಾನಿನ ಅಂಗಡಿ ಸೇರುತ್ತಿವೆ. ಹಗೇವಿನ ಆಳವನ್ನು ಮೊಳದಲ್ಲಿ ಅಳೆದು ಜೋಳದ ಚೀಲ ಲೆಕ್ಕಹಾಕುತ್ತಿದ್ದವರಲ್ಲಿ ಈಗ ಉಳಿದಿರುವವರು ವಯೋವೃದ್ಧರು. ಗಣಿತಸಾರಸಂಗ್ರಹದ ಖಾತಾಧಿಕಾರದ ಸೂತ್ರಗಳ ಪಕ್ಕದಲ್ಲಿ ಆ ಲೆಕ್ಕವನ್ನು ಇಟ್ಟು ನೋಡುವ ಕೆಲಸ ಇನ್ನೂ ಆಗಬೇಕಾಗಿದೆ.